ಶೀತರಕ್ತದ ನೆರೆಹೊರೆ

ಮೇ ತಿಂಗಳ ನಡುಹಗಲು. ಬೀದರ ಕೋಟೆಯ ಬುರುಜೊಂದರ ಮೇಲೆ ನಿಂತು ಕೆಳಗಿನ ಬಯಲನ್ನು ನೋಡಿದರೆ ಜೀವದ ಸುಳಿವೇ ಕಾಣದು. ತೊಗರಿ, ಜೋಳಗಳ ಕಟಾವು ಮುಗಿದು ಹೊಲಗಳು ಬರಿದಾಗಿವೆ. ಹಳ್ಳಗಳಲ್ಲಿ ನೀರು ಬತ್ತಿ ಕಲ್ಲುಗಳು ಮಾತ್ರ ಉಳಿದಿವೆ. ಬಿಸಿಲು ನಲವತ್ತು ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದೆ. ಭಾಲ್ಕಿ ಮತ್ತು ಔರಾದ ಕಡೆಯ ಎರೆಭೂಮಿ ಬಾಯಾರಿದಂತೆ ಬಿರುಕುಬಿಟ್ಟು ನಿಂತಿದೆ.

ಇದೇ ನೆಲವನ್ನು ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ನೋಡಬೇಕು. ನೋಡುವುದಕ್ಕಿಂತ ಹೆಚ್ಚಾಗಿ ಕೇಳಬೇಕು. ತಗ್ಗಿನಲ್ಲಿ ಮೊಣಕಾಲುದ್ದ ನೀರು ನಿಂತಿತೋ ಇಲ್ಲವೋ, ಅಲ್ಲಿಂದ ಕಪ್ಪೆಗಳ ಮೇಳ ಆರಂಭವಾಗುತ್ತದೆ. ನಿನ್ನೆಯವರೆಗೆ ಒಂದೂ ಕಾಣದಿದ್ದ ಕಡೆ ಇಂದು ನೂರಾರು ಕಪ್ಪೆಗಳು! ಅವು ಮಳೆಯೊಡನೆ ಆಕಾಶದಿಂದ ಉದುರಿದವೆಂದು ನಂಬುವವರೂ ಉಂಟು. ಆದರೆ ಅವು ಆಕಾಶದಿಂದ ಬಂದವಲ್ಲ. ನಮ್ಮ ಕಾಲಡಿಯಿಂದಲೇ ಎದ್ದುಬಂದವು. ಹಾಗಾದರೆ ಆ ಉರಿಬಿಸಿಲಿನ ದಿನಗಳಲ್ಲಿ ಅವು ಎಲ್ಲಿದ್ದವು? ಏನನ್ನು ತಿಂದವು? ನೀರಿಲ್ಲದೆ ಹೇಗೆ ಬದುಕಿದವು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದಂತೆ, ನಾವು ದಿನವೂ ನೋಡಿಯೂ ನೋಡದಿರುವ ಒಂದು ನೆರೆಹೊರೆಯ ಪರಿಚಯ ನಮಗಾಗುತ್ತದೆ.

ಪ್ರತಿಯೊಂದು ಪ್ರಾಣಿಗೂ ಬೇಕಾದುವು ಮೂರು: ಆಹಾರ, ನೀರು, ಆಸರೆ. ಮನುಷ್ಯನಿಗೂ ಇವೇ ಬೇಕು. ಆದರೆ ಮೀನು, ಕಪ್ಪೆ, ಹಾವು, ಆಮೆಗಳ ಅಗತ್ಯಗಳು ನಮ್ಮವುಗಳಂತೆ ಇಲ್ಲ. ನಾವು ಉಂಡ ಅನ್ನದ ಬಹುಭಾಗ ನಮ್ಮ ಮೈಯನ್ನು ಬೆಚ್ಚಗಿಡುವುದಕ್ಕೇ ವೆಚ್ಚವಾಗುತ್ತದೆ. ಹೊರಗೆ ಚಳಿಯಿರಲಿ, ಸೆಖೆಯಿರಲಿ, ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಶೀತರಕ್ತ ಪ್ರಾಣಿಗಳಲ್ಲಿ ಈ ಏರ್ಪಾಡು ಇಲ್ಲ. ಅವುಗಳ ರಕ್ತ ಸದಾ ತಣ್ಣಗಿರುತ್ತದೆ ಎಂದು ಇದರ ಅರ್ಥವಲ್ಲ. ಸುತ್ತಲಿನ ನೆಲ, ನೀರು, ಬಿಸಿಲುಗಳು ಹೇಗೋ ಅವುಗಳ ಮೈಯೂ ಹಾಗೆ ಎಂದರ್ಥ. ಮುಂಜಾನೆ ಬಂಡೆಯ ಮೇಲೆ ಓತಿಕೇತವು ಬಿಸಿಲು ಕಾಯಿಸುವುದು ಸೋಮಾರಿತನದಿಂದಲ್ಲ. ಆ ಬಿಸಿಲೇ ಅದರ ಒಲೆ. ನೆತ್ತಿಯ ಬಿಸಿಲಿಗೆ ಅದು ಪೊದೆಯನ್ನು ಸೇರುವುದು ಹೆದರಿಕೆಯಿಂದಲ್ಲ. ಆ ನೆರಳೇ ಅದರ ಬೀಸಣಿಗೆ.

ಈ ವ್ಯವಸ್ಥೆಯಿಂದ ಒಂದು ಲಾಭವಿದೆ, ಒಂದು ಅಪಾಯವೂ ಇದೆ. ಲಾಭವೆಂದರೆ, ಮೈಯನ್ನು ಕಾಯಿಸುವ ಖರ್ಚಿಲ್ಲದುದರಿಂದ ಅಲ್ಪ ಆಹಾರ ಸಾಕು. ಅಷ್ಟೇ ತೂಕದ ಇಲಿಗೆ ಬೇಕಾಗುವ ಆಹಾರದ ಹತ್ತನೆಯ ಒಂದು ಪಾಲಿನಿಂದ ಹಾವು ಬದುಕಬಲ್ಲದು. ಒಂದು ಒಳ್ಳೆಯ ಊಟವಾದ ಮೇಲೆ ವಾರಗಟ್ಟಲೆ ಉಪವಾಸವಿರಬಲ್ಲದು. ಅಪಾಯವೆಂದರೆ, ಆಸರೆ ತಪ್ಪಿದರೆ ಅವುಗಳಿಗೆ ಉಳಿಗಾಲವಿಲ್ಲ. ಕಾದ ನೆಲದ ಮೇಲೆ ಮರೆಯಿಲ್ಲದೆ ಸಿಕ್ಕಿಬಿದ್ದ ಹಾವು ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು. ನಮಗೆ ಹಸಿವು ಮೊದಲು, ಮನೆ ಅನಂತರ. ಅವುಗಳಿಗಾದರೋ ಮನೆಯೇ ಮೊದಲು.

ಬೀದರ ಜಿಲ್ಲೆಯ ನೆಲ ಈ ಮನೆಗಳನ್ನು ಎರಡು ಬಗೆಯಲ್ಲಿ ಒದಗಿಸಿದೆ. ಬೀದರ ನಗರ ನಿಂತಿರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೀರಿದ ಎತ್ತರದ, ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಜಂಬಿಟ್ಟಿಗೆ ಕಲ್ಲಿನಲ್ಲಿ ಜೇನುಗೂಡಿನಂತೆ ರಂಧ್ರಗಳಿರುವುದರಿಂದ ಅದು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಆ ನೀರು ಕೆಳಗಿನ ಬಿಗಿಯಾದ ಪದರವನ್ನು ಮುಟ್ಟಿ, ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಗುರುನಾನಕ ಝೀರಾ, ಪಾಪನಾಶ ಮೊದಲಾದ ಒರತೆಗಳು ಇಂಥವೇ. ನೆಲದೊಳಗಿನ ಈ ನೀರಿನ ಬೆಲೆಯನ್ನು ಅರಿತಿದ್ದ ಬಹಮನಿ ಅರಸರ ಕಾಲದವರು ಹದಿನೈದನೆಯ ಶತಮಾನದಲ್ಲಿ ನೌಬಾದ ಬಳಿ ಕಲ್ಲನ್ನು ಕೊರೆದು ಸುರಂಗಬಾವಿಯನ್ನು ನಿರ್ಮಿಸಿದರು. ಭಾಲ್ಕಿ, ಔರಾದಗಳ ಕಡೆ ಹೋದಂತೆ ಕಪ್ಪು ಎರೆಮಣ್ಣು ಹರಡಿಕೊಂಡಿದೆ. ಮಳೆಗಾಲದಲ್ಲಿ ಅದು ಉಬ್ಬಿ ಅಂಟಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಈ ಎರೆಭೂಮಿಯ ನಡುವೆ ಮಾಂಜ್ರಾ ನದಿಯೂ ಅದರ ಉಪನದಿಯಾದ ಕಾರಂಜವೂ ಹರಿಯುತ್ತವೆ. ಒರತೆ, ಬಾವಿ, ಬಿರುಕು, ಮಡು, ಹುತ್ತ, ಕಲ್ಲಿನ ಗುಂಪೆ, ಬೇಲಿ - ಇವೇ ನಮ್ಮ ಶೀತರಕ್ತ ನೆರೆಯವರ ಮನೆಗಳು.

ಮೊದಲು ಕಪ್ಪೆಯ ಮನೆಯನ್ನು ಹೊಗೋಣ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಕುಡಿಯುತ್ತದೆ. ಒದ್ದೆಯಾದ ಮಣ್ಣಿನ ಮೇಲೆ ಹೊಟ್ಟೆಯನ್ನು ಊರಿ ಕುಳಿತರೆ ಸಾಕು, ಹೊಟ್ಟೆಯಡಿಯ ತೆಳುಚರ್ಮ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ಚರ್ಮದ ಮೂಲಕವೇ ಅದು ಉಸಿರಾಟದ ಒಂದು ಭಾಗವನ್ನೂ ನಡೆಸುತ್ತದೆ. ಆದುದರಿಂದ ಚರ್ಮ ಒಣಗಿದರೆ ಕಪ್ಪೆ ಉಳಿಯದು. ನೀರನ್ನು ಒಳಗೆ ಬಿಡುವ ಚರ್ಮ ವಿಷವನ್ನೂ ಒಳಗೆ ಬಿಡುತ್ತದೆ. ಹೊಲಕ್ಕೆ ಸಿಂಪಡಿಸಿದ ಕೀಟನಾಶಕ ಮಳೆನೀರಿನಲ್ಲಿ ತಗ್ಗಿಗೆ ಹರಿದರೆ ಅದರ ಮೊದಲ ಪೆಟ್ಟು ಬೀಳುವುದು ಕಪ್ಪೆಗೆ.

ಬೇಸಿಗೆಯನ್ನು ಕಳೆಯಲು ಕಪ್ಪೆಗಳು ಹಲವು ಉಪಾಯಗಳನ್ನು ಕಂಡುಕೊಂಡಿವೆ. ಬಿಲ ತೋಡುವ ಕಪ್ಪೆಯ ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂಥ ಗಟ್ಟಿ ಉಬ್ಬೊಂದಿರುತ್ತದೆ. ಅದರಿಂದ ಮಣ್ಣನ್ನು ಕೆದರುತ್ತ ಅದು ಹಿಮ್ಮುಖವಾಗಿ ನೆಲದೊಳಗೆ ಇಳಿಯುತ್ತದೆ. ತೇವವಿರುವ ಆಳವನ್ನು ತಲುಪಿ, ಕೈಕಾಲುಗಳನ್ನು ಮುದುಡಿಕೊಂಡು, ಉಸಿರನ್ನೂ ಹೃದಯದ ಬಡಿತವನ್ನೂ ನಿಧಾನಗೊಳಿಸಿ ಮಲಗಿಬಿಡುತ್ತದೆ. ಇದಕ್ಕೆ ಗ್ರೀಷ್ಮನಿದ್ರೆ ಎಂದು ಹೆಸರು. ಈ ನಿದ್ರೆಯಲ್ಲಿ ಊಟವಿಲ್ಲ. ಮಳೆಗಾಲದಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ. ಬಿಲ ತೋಡಲಾರದ ನೆಲಗಪ್ಪೆ ಕಲ್ಲಿನ ಸಂದಿನಲ್ಲಿಯೋ ಬಚ್ಚಲಿನ ಮೂಲೆಯಲ್ಲಿಯೋ ತಂಪನ್ನು ಹುಡುಕುತ್ತದೆ.

ಮಳೆ ಬಂದೊಡನೆ ಅವು ಏಕೆ ಅಷ್ಟು ಅವಸರಪಡುತ್ತವೆ? ಕೆರೆಯಲ್ಲಿ ನೀರಿದ್ದರೂ ಮಳೆಯ ತಗ್ಗನ್ನೇ ಹುಡುಕಿಕೊಂಡು ಏಕೆ ಹೋಗುತ್ತವೆ? ಕೆರೆಯಲ್ಲಿ ಮೀನುಗಳಿವೆ, ಅವು ಕಪ್ಪೆಯ ಮೊಟ್ಟೆಗಳನ್ನೂ ಗೊದಮೊಟ್ಟೆಗಳನ್ನೂ ತಿಂದುಹಾಕುತ್ತವೆ. ನಿನ್ನೆ ತುಂಬಿದ ತಗ್ಗಿನಲ್ಲಿ ಮೀನಿಲ್ಲ. ಆದರೆ ಆ ನೀರು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ಅಷ್ಟರೊಳಗೆ ಮೊಟ್ಟೆ ಒಡೆದು, ಗೊದಮೊಟ್ಟೆಗೆ ಕಾಲು ಮೂಡಿ, ಬಾಲ ಕರಗಿ, ಮರಿಕಪ್ಪೆ ದಡಕ್ಕೆ ನೆಗೆಯಬೇಕು. ಸಣ್ಣ ತಗ್ಗೊಂದರಲ್ಲಿ ಪ್ರತಿವರ್ಷವೂ ನಡೆಯುವ ಈ ಓಟದಲ್ಲಿ ಗೆಲ್ಲುವುವು ಕೆಲವು, ಸೋಲುವುವು ಹಲವು. ನಮಗೆ ಕೆಸರುಗುಂಡಿಯಾಗಿ ಕಾಣುವ ತಗ್ಗು ಅವುಗಳಿಗೆ ತೊಟ್ಟಿಲು. ಅದಕ್ಕೆ ಮಣ್ಣು ತುಂಬಿಸಿ ಸಮಮಾಡಿದಾಗ ಒಂದು ಪೀಳಿಗೆಯೇ ಇಲ್ಲವಾಗುತ್ತದೆ.

ಮೀನಿಗೆ ನೀರೇ ಮನೆಯಾದುದರಿಂದ ಅದರ ಕಷ್ಟ ಇನ್ನೂ ನೇರವಾದುದು. ಆದರೆ ಬರಿಯ ನೀರಿದ್ದರೆ ಸಾಲದು. ಆ ನೀರಿನಲ್ಲಿ ಉಸಿರಿರಬೇಕು. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಒಂದು ಲೀಟರ್ ಶುದ್ಧ ನೀರು 15 ಡಿಗ್ರಿಯ ಉಷ್ಣತೆಯಲ್ಲಿ ಸುಮಾರು 10 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಅದೇ ವೇಳೆಗೆ ಬೆಚ್ಚಗಾದ ಮೀನಿನ ದೇಹವು ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಬೇಸಿಗೆಯಲ್ಲಿ ಹಳ್ಳದ ಮೀನುಗಳು ಬೆಳಗಿನ ಜಾವದಲ್ಲಿ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುವುದನ್ನು ನೀವು ಕಂಡಿರಬಹುದು. ರಾತ್ರಿಯಲ್ಲಿ ನೀರಿನ ಗಿಡಗಳೂ ಪಾಚಿಯೂ ಆಮ್ಲಜನಕವನ್ನು ಬಳಸಿಕೊಂಡಿರುವುದರಿಂದ ಆಗ ಅದರ ಅಭಾವ ಹೆಚ್ಚು.

ಹರಿವು ನಿಂತ ನದಿಯಲ್ಲಿ ಮೀನುಗಳನ್ನು ಕಾಪಾಡುವುವು ಮಡುಗಳು. ನದಿಯ ತಿರುವಿನಲ್ಲಿ, ಬಂಡೆಗಳ ಬುಡದಲ್ಲಿ ಆಳವಾಗಿ ನಿಂತ ನೀರೇ ಮಡು. ಮೇಲಿನ ನೀರು ಕಾದರೂ ಅದರ ಆಳ ತಂಪಾಗಿರುತ್ತದೆ. ಮುಂದಿನ ಪ್ರವಾಹ ಬಂದಾಗ ಅಲ್ಲಿ ಉಳಿದ ಮೀನುಗಳೇ ನದಿಗೆ ಬೀಜ. ರೋಹು, ಕಾಟ್ಲಾ ಮೊದಲಾದ ಗೆಂಡೆಜಾತಿಯ ಮೀನುಗಳು ಹೊಸ ನೀರಿನ ಸೆಳೆತದಲ್ಲಿ ಮೊಟ್ಟೆಯಿಡುತ್ತವೆ. ಕೊರವ ಮೀನಿನ ರೀತಿ ಬೇರೆ. ಅದು ಕಿವಿರುಗಳಿಂದಲ್ಲದೆ ನೇರವಾಗಿ ಗಾಳಿಯಿಂದಲೂ ಉಸಿರಾಡಬಲ್ಲದು. ನೀರು ಇಂಗಿದರೂ ಹಸಿಕೆಸರಿನಲ್ಲಿ ಕೆಲವು ಕಾಲ ಜೀವ ಹಿಡಿದಿರುತ್ತದೆ. ಮರಿಗಳ ಹಿಂಡನ್ನು ತಂದೆತಾಯಿಗಳು ಕಾಯುತ್ತ ಜೊತೆಯಲ್ಲಿ ಈಜುತ್ತವೆ. ಆದರೆ ಮರಳಿಗಾಗಿ ನದಿಯ ಒಡಲನ್ನು ಬಗೆದು ತಳವನ್ನು ಕೆಡಿಸಿದಾಗ, ಉಳಿದ ಮಡುವಿಗೆ ಪಂಪನ್ನು ಹಚ್ಚಿ ಕೊನೆಯ ಹನಿಯನ್ನೂ ಎತ್ತಿದಾಗ, ಕೊರವ ಮೀನಿನ ಜಾಣ್ಮೆಯೂ ಸಾಲದು.

ನದಿ ಬತ್ತುವುದೆಂದರೇನೆಂಬುದನ್ನು ಮಾಂಜ್ರಾ ನಮಗೆ ಹತ್ತಿರದಿಂದಲೇ ತೋರಿಸಿದೆ. ಮಹಾರಾಷ್ಟ್ರದ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಲಾತೂರಿನ ಕಡೆಯಿಂದ ಬೀದರ ಜಿಲ್ಲೆಗೆ ಬಂದು, ತೆಲಂಗಾಣದಲ್ಲಿ ಹರಿದು ಗೋದಾವರಿಯನ್ನು ಸೇರುವ ಈ ನದಿಯ ಉದ್ದ 724 ಕಿಲೋಮೀಟರುಗಳು. 2016ರ ಬೇಸಿಗೆಯಲ್ಲಿ ನದಿಯ ಮೇಲ್ಭಾಗದ ಜಲಾಶಯ ಬರಿದಾಯಿತು. ಲಾತೂರು ನಗರದ ಜನರಿಗೆ ಕುಡಿಯಲು ನೀರಿಲ್ಲದೆ, ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಮುನ್ನೂರು ಕಿಲೋಮೀಟರಿಗೂ ದೂರದ ಮೀರಜದಿಂದ ರೈಲಿನಲ್ಲಿ ನೀರನ್ನು ತರಬೇಕಾಯಿತು. ಮೊದಲ ರೈಲು ಹತ್ತು ಬಂಡಿಗಳಲ್ಲಿ ತಂದ ನೀರು ಸುಮಾರು ಐದು ಲಕ್ಷ ಲೀಟರ್. ಮನುಷ್ಯನಿಗೆ ಕಷ್ಟಬಂದಾಗ ರೈಲು ಹೊರಡುತ್ತದೆ, ಹೊರಡಲೇಬೇಕು. ಆದರೆ ಬತ್ತಿದ ಮಡುವಿನ ಮೀನಿಗೆ, ಆಮೆಗೆ ಯಾವ ರೈಲೂ ಬರುವುದಿಲ್ಲ. ನೆಲವು ತನ್ನಲ್ಲಿ ಉಳಿಸಿಕೊಂಡಿರುವ ನೀರೊಂದೇ ಅವುಗಳಿಗೆ ಗತಿ.

ಆಮೆಯ ಬದುಕಿಗೆ ನೀರೂ ಬೇಕು, ನೆಲವೂ ಬೇಕು. ನಮ್ಮ ಕೆರೆ ಬಾವಿಗಳಲ್ಲಿ ಕಾಣುವ ಒಂದು ಜಾತಿಯ ಆಮೆಗೆ ಹಿಂಗಾಲುಗಳನ್ನು ಮುಚ್ಚಿಕೊಳ್ಳಲು ಚರ್ಮದ ಮಡಿಕೆಗಳಿರುತ್ತವೆ. ಅದು ನೀರಿನ ಗಿಡವನ್ನೂ ತಿನ್ನುತ್ತದೆ, ಬಸವನಹುಳು, ಮೀನುಗಳನ್ನೂ ತಿನ್ನುತ್ತದೆ. ಸತ್ತ ಪ್ರಾಣಿಯನ್ನು ತಿಂದು ನೀರನ್ನು ಚೊಕ್ಕಟವಾಗಿಡುತ್ತದೆ. ಕೆರೆ ಒಣಗಿದಾಗ ಕೆಸರಿನಲ್ಲಿ ಹೂತುಕೊಂಡು ಮಳೆಯನ್ನು ಕಾಯುತ್ತದೆ. ಆದರೆ ಮೊಟ್ಟೆಯಿಡಲು ಮಾತ್ರ ಅದು ದಡದ ಮಣ್ಣಿಗೆ ಬರಲೇಬೇಕು. ದಡಕ್ಕೆಲ್ಲ ಸಿಮೆಂಟನ್ನು ಬಳಿದ ಕೆರೆಯಲ್ಲಿ ನೀರೆಷ್ಟಿದ್ದರೂ ಆಮೆಯ ಸಂತಾನ ಬೆಳೆಯದು.

ಮೊಸಳೆಯ ವಿಷಯದಲ್ಲಿ ಈ ಮಣ್ಣಿನ ಮಹತ್ವ ಇನ್ನೂ ವಿಸ್ಮಯಕರವಾದುದು. ಮಾಂಜ್ರಾ ನದಿ ತೆಲಂಗಾಣವನ್ನು ಹೊಕ್ಕ ಮೇಲೆ, ಸಂಗಾರೆಡ್ಡಿಯ ಬಳಿ 1978ರಲ್ಲಿ ಸ್ಥಾಪನೆಯಾದ ಮಂಜೀರಾ ವನ್ಯಜೀವಿಧಾಮವಿದೆ. ಅಲ್ಲಿ ಜೌಗುಮೊಸಳೆಗಳು ರಕ್ಷಣೆ ಪಡೆದಿವೆ. ಈ ಮೊಸಳೆ ನೀರಿನ ಮಟ್ಟಕ್ಕಿಂತ ಎತ್ತರದ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಗುಂಡಿಯೊಳಗಿನ ಉಷ್ಣತೆ 31 ಡಿಗ್ರಿಯನ್ನು ಮೀರದಿದ್ದರೆ ಹುಟ್ಟುವ ಮರಿಗಳು ಹೆಣ್ಣು. ಮೂವತ್ತೆರಡೂವರೆ ಡಿಗ್ರಿಯ ಸುಮಾರಿಗೆ ಇದ್ದರೆ ಬಹುಮಟ್ಟಿಗೆ ಗಂಡು. ಹೀಗೆ ಒಂದೂವರೆ ಡಿಗ್ರಿಯ ಅಂತರ ಒಂದು ಪೀಳಿಗೆಯ ಸ್ವರೂಪವನ್ನೇ ನಿರ್ಧರಿಸುತ್ತದೆ. ಆಸರೆಯೆಂದರೆ ಬರಿಯ ಅಡಗುದಾಣವಲ್ಲ, ಅದು ಜೀವದ ಅಚ್ಚು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಹಾವು ಮತ್ತು ಹುತ್ತ. ಹುತ್ತವನ್ನು ಕಟ್ಟುವುದು ಹಾವಲ್ಲ, ಗೆದ್ದಲು. ಹೊರಗೆ ನೆಲ ಕಾದಿರುವಾಗಲೂ ಹುತ್ತದ ಒಳಗೆ ತಂಪೂ ತೇವವೂ ಇರುತ್ತವೆ. ಆ ತಂಪಿಗಾಗಿ ನಾಗರಹಾವು, ಕೇರೆಹಾವುಗಳು ಅದನ್ನು ಸೇರುತ್ತವೆ. ಉಡವು ಅದನ್ನು ಅಗೆದು ತನ್ನ ಮೊಟ್ಟೆಗಳನ್ನು ಇಡುತ್ತದೆ. ಎರೆಹೊಲದ ಬಿರುಕುಗಳೂ ಇಲಿಯ ಬಿಲಗಳೂ ಹಾವಿಗೆ ಮನೆಯಾಗುತ್ತವೆ. ಇಲಿಯ ಬಿಲದಲ್ಲಿ ಹಾವಿಗೆ ಮನೆಯೂ ಊಟವೂ ಒಂದೇ ಕಡೆ ದೊರೆಯುತ್ತವೆ. ರೈತನು ಬೆಳೆದ ತೊಗರಿ, ಜೋಳ, ಸೋಯಾಬೀನನ್ನು ಇಲಿಗಳಿಂದ ಕಾಯುವವರಲ್ಲಿ ಕೇರೆಹಾವು ಪ್ರಮುಖವಾದುದು. ಅದು ಕೂಲಿಯನ್ನು ಕೇಳುವುದಿಲ್ಲ.

ನಾಗರಪಂಚಮಿಯಂದು ನಾವು ಹುತ್ತಕ್ಕೆ ಹಾಲೆರೆಯುತ್ತೇವೆ. ಹಾಲು ಹಾವಿನ ಆಹಾರವಲ್ಲ. ಇಲಿ, ಕಪ್ಪೆ, ಹಲ್ಲಿ, ಹಕ್ಕಿಯ ಮೊಟ್ಟೆ - ಇವು ಅದರ ಊಟ. ನೀರು ಅದರ ಪಾನೀಯ. ಹಾವಾಡಿಗರು ದಿನಗಟ್ಟಲೆ ನೀರಡಿಕೆಯಲ್ಲಿಟ್ಟ ಹಾವು ಏನನ್ನು ಕೊಟ್ಟರೂ ಹೀರುತ್ತದೆ. ಅದು ಭಕ್ತಿಗೆ ಒಲಿದು ಕುಡಿದದ್ದಲ್ಲ, ದಾಹದಿಂದ ಕುಡಿದದ್ದು. ಕಲ್ಲಿನ ನಾಗನಿಗೆ ಒಂದು ನಡತೆ, ಜೀವಂತ ನಾಗನಿಗೆ ಇನ್ನೊಂದು ನಡತೆ ಎಂಬ ನಮ್ಮ ವಿಪರೀತವನ್ನು ಈ ಜಿಲ್ಲೆಯ ಕಲ್ಯಾಣದಲ್ಲಿದ್ದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ತಮ್ಮ ವಚನದಲ್ಲಿ ಎತ್ತಿ ತೋರಿಸಿದರು. ಹುತ್ತವನ್ನು ಕೆಡವದೆ ಬಿಡುವುದು ಅದಕ್ಕೆ ಹಾಲೆರೆಯುವುದಕ್ಕಿಂತ ದೊಡ್ಡ ಪೂಜೆ.

ಆದರೆ ಹಾವಿನ ನೆರೆ ಅಪಾಯವಿಲ್ಲದ ನೆರೆಯೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಂದಾಜುಮಾಡಿತು. ಇವರಲ್ಲಿ ಬಹುಪಾಲು ಜನರು ಹಳ್ಳಿಗಾಡಿನವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕೆಂದು ವಿಧಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ - ಈ ನಾಲ್ಕರ ವಿಷಕ್ಕೂ ಪ್ರತಿವಿಷವಿದೆ. ರಾತ್ರಿಯಲ್ಲಿ ದೀಪವಿಲ್ಲದೆ ನಡೆಯಬಾರದು. ಬಿಲಕ್ಕೂ ಕಲ್ಲಿನ ಸಂದಿಗೂ ಕೈಯಿಡಬಾರದು. ಕಚ್ಚಿದರೆ ಮಂತ್ರ, ಮದ್ದು ಎಂದು ಹೊತ್ತು ಕಳೆಯದೆ, ಗಾಯವನ್ನು ಕೊಯ್ಯದೆ, ಆಸ್ಪತ್ರೆಗೆ ಧಾವಿಸಬೇಕು. ಹಾವಿನ ಮನೆ ಎಲ್ಲಿದೆಯೆಂದು ಬಲ್ಲವನು ಅದರಿಂದ ದೂರವಿರಲೂ ಬಲ್ಲನು. ಮನೆಯ ಗೋಡೆಗೆ ಒತ್ತಿ ಕಟ್ಟಿಗೆಯನ್ನೂ ಕಾಳನ್ನೂ ಒಟ್ಟಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಹಾವಿಗೆ ಹೊಲದ ಬದುವನ್ನು ಬಿಟ್ಟುಕೊಟ್ಟು, ನಮ್ಮ ಅಂಗಳವನ್ನು ಚೊಕ್ಕಟವಾಗಿಟ್ಟುಕೊಳ್ಳುವುದೇ ಇಬ್ಬರಿಗೂ ಕ್ಷೇಮ.

ಈಗ ಭಾಲ್ಕಿಯ ಕಡೆಯ ಒಂದು ಹೊಲವನ್ನು ಕಲ್ಪಿಸಿಕೊಳ್ಳಿ. ಒಂದು ಬದಿಗೆ ಹಳೆಯ ಬಾವಿ, ಇನ್ನೊಂದು ಬದಿಗೆ ಬೇಲಿ, ಮೂಲೆಯಲ್ಲಿ ಆರಿಸಿ ಹಾಕಿದ ಕಲ್ಲುಗಳ ಗುಂಪೆ, ಅದರ ಪಕ್ಕದಲ್ಲಿ ಹುತ್ತ, ಕೆಳಗಡೆ ಮಳೆನೀರು ನಿಲ್ಲುವ ತಗ್ಗು. ಕಪ್ಪೆ ತಗ್ಗಿನಲ್ಲಿ ಹುಟ್ಟಿ, ಹೊಲದಲ್ಲಿ ಹುಳುಗಳನ್ನು ತಿಂದು, ಗುಂಪೆಯ ಅಡಿಯಲ್ಲಿ ಬೇಸಿಗೆಯನ್ನು ಕಳೆಯುತ್ತದೆ. ಕಪ್ಪೆಯನ್ನೂ ಇಲಿಯನ್ನೂ ಹಾವು ತಿನ್ನುತ್ತದೆ. ಹಾವಿನ ಮೊಟ್ಟೆಯನ್ನು ಉಡ ತಿನ್ನುತ್ತದೆ. ಈ ಐದೂ ಜಾಗಗಳು ಕೂಗಳತೆಯಲ್ಲಿರುವುದರಿಂದಲೇ ಈ ಸಂಸಾರ ನಡೆಯುತ್ತದೆ. ಹಕ್ಕಿಯಾದರೆ ಹತ್ತು ಹರದಾರಿ ಹಾರಿ ನೀರನ್ನು ಹುಡುಕೀತು. ಕಪ್ಪೆಗೆ ಆ ಶಕ್ತಿಯಿಲ್ಲ. ತಗ್ಗಿಗೂ ಗುಂಪೆಗೂ ನಡುವೆ ಅಗಲವಾದ ಡಾಂಬರು ರಸ್ತೆಯೊಂದು ಬಂದರೆ ಆಹಾರ, ನೀರು, ಆಸರೆಗಳು ಮೂರೂ ಇದ್ದಲ್ಲಿಯೇ ಇದ್ದರೂ ಕಪ್ಪೆಯ ಪಾಲಿಗೆ ಅವು ಇಲ್ಲದಂತೆಯೇ.

ಒಂದು ಕೊಂಡಿ ಕಳಚಿದರೆ ಏನಾಗುವುದೆಂದು ನಮ್ಮ ದೇಶ ಒಮ್ಮೆ ಕಂಡುಕೊಂಡಿದೆ. ಒಂದು ಕಾಲದಲ್ಲಿ ಭಾರತದಿಂದ ವಿದೇಶಗಳ ಊಟದ ಮೇಜುಗಳಿಗೆ ಕಪ್ಪೆಯ ಕಾಲುಗಳು ರಫ್ತಾಗುತ್ತಿದ್ದವು. ಕೆಲವು ವರ್ಷಗಳಲ್ಲಂತೂ ಈ ರಫ್ತು ಸಾವಿರಾರು ಟನ್ನುಗಳನ್ನು ಮುಟ್ಟಿತು. ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಗಳನ್ನು ಮಾರಿ, ಅದೇ ಕೀಟಗಳನ್ನು ಕೊಲ್ಲಲು ಹಣಕೊಟ್ಟು ಔಷಧವನ್ನು ತರಿಸುವುದು ಎಂಥ ವ್ಯಾಪಾರವೆಂದು ವಿಚಾರವಂತರು ಕೇಳಿದರು. 1987ರಲ್ಲಿ ಭಾರತ ಸರ್ಕಾರವು ಈ ರಫ್ತನ್ನು ನಿಷೇಧಿಸಿತು. ಆದರೆ ಕೊಲ್ಲುವುದನ್ನು ನಿಲ್ಲಿಸಿದರೆ ಸಾಲದು, ಮನೆಯನ್ನೂ ಉಳಿಸಬೇಕು. ಜಗತ್ತಿನ ಉಭಯಚರ ಜಾತಿಗಳಲ್ಲಿ ಶೇಕಡಾ 41ರಷ್ಟು ಅಳಿವಿನ ಅಂಚಿಗೆ ಸರಿಯುತ್ತಿವೆಯೆಂದು 2023ರ ಒಂದು ಜಾಗತಿಕ ಸಮೀಕ್ಷೆ ತಿಳಿಸಿತು. ಮನೆ ಕಳೆದುಕೊಂಡದ್ದೇ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊಸಳೆ, ಉಡ, ನಾಗರಹಾವು ಮೊದಲಾದುವನ್ನು ಹಿಡಿಯುವುದನ್ನೂ ಕೊಲ್ಲುವುದನ್ನೂ ಅಪರಾಧವೆಂದು ಸಾರುತ್ತದೆ. ಆದರೆ ಹೊಲದ ಮೂಲೆಯ ಕಲ್ಲಿನ ಗುಂಪೆಯನ್ನು, ಮಳೆಯ ತಗ್ಗನ್ನು, ಬದುವಿನ ಹುತ್ತವನ್ನು ಕಾಯಲು ಯಾವ ಕಾವಲುಗಾರನೂ ಬರಲಾರನು. ಅವುಗಳನ್ನು ಉಳಿಸಬೇಕಾದವರು ಆ ಹೊಲದವರು, ಆ ಊರಿನವರು. ಉಳಿಸಲು ಹೆಚ್ಚಿನ ಹಣ ಬೇಡ. ಅನೇಕ ವೇಳೆ, ಮುಟ್ಟದೆ ಬಿಟ್ಟರೆ ಸಾಕು.

ಮುಂದಿನ ಜೂನ್ ತಿಂಗಳಲ್ಲಿ ಮೊದಲ ಮಳೆ ಸುರಿದ ರಾತ್ರಿ ಒಂದು ಕ್ಷಣ ಕಿವಿಗೊಟ್ಟು ಕೇಳಿ. ತಗ್ಗಿನಿಂದ ಕಪ್ಪೆಗಳ ಮೇಳ ಕೇಳಿಬಂದರೆ, ಉರಿಬೇಸಿಗೆಯಲ್ಲಿಯೂ ಆ ನೆಲದ ಆಳದಲ್ಲಿ ತೇವ ಉಳಿದಿತ್ತೆಂದು ತಿಳಿಯಿರಿ. ಅವುಗಳನ್ನು ಬದುಕಿಸಿದ ಆ ತೇವವೇ ನಮ್ಮ ಬಾವಿಗೂ ನೀರು.

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ.
1. ಶೀತರಕ್ತ ಪ್ರಾಣಿಗಳಿಗೆ ಅಲ್ಪ ಆಹಾರ ಸಾಕಾಗುವುದೇಕೆ?
2. ಕಪ್ಪೆಗಳು ಕೆರೆಯನ್ನು ಬಿಟ್ಟು ಮಳೆಯ ತಗ್ಗಿನಲ್ಲಿ ಮೊಟ್ಟೆಯಿಡಲು ಕಾರಣವೇನು?
3. ಬೇಸಿಗೆಯ ಬೆಳಗಿನ ಜಾವದಲ್ಲಿ ಮೀನುಗಳು ನೀರಿನ ಮೇಲಕ್ಕೆ ಬರುವುದೇಕೆ?

ಆ) ಈ ಪ್ರಶ್ನೆಗಳಿಗೆ ಏಳೆಂಟು ವಾಕ್ಯಗಳಲ್ಲಿ ಉತ್ತರಿಸಿ.
1. ‘ಆಸರೆಯೆಂದರೆ ಬರಿಯ ಅಡಗುದಾಣವಲ್ಲ.’ ಆಮೆ ಮತ್ತು ಮೊಸಳೆಗಳ ಉದಾಹರಣೆಯಿಂದ ಈ ಮಾತನ್ನು ವಿವರಿಸಿ.
2. ಹಾವಿನಿಂದ ಅಪಾಯವಾಗದಂತೆಯೂ ಹಾವಿಗೆ ಅಪಾಯವಾಗದಂತೆಯೂ ಬಾಳುವುದು ಹೇಗೆ?

ಇ) ಚಟುವಟಿಕೆ
ನಿಮ್ಮ ಶಾಲೆಯ ಅಥವಾ ಹೊಲದ ಸುತ್ತಲಿನ ಒಂದು ನಕ್ಷೆಯನ್ನು ಬರೆಯಿರಿ. ಅದರಲ್ಲಿ ಬಾವಿ, ತಗ್ಗು, ಹುತ್ತ, ಬೇಲಿ, ಕಲ್ಲಿನ ಗುಂಪೆಗಳನ್ನು ಗುರುತಿಸಿ. ದೂರದಿಂದಲೇ ಗಮನಿಸಿ, ಯಾವ ಪ್ರಾಣಿಗೆ ಎಲ್ಲಿ ಆಹಾರ, ಎಲ್ಲಿ ನೀರು, ಎಲ್ಲಿ ಆಸರೆ ದೊರೆಯುತ್ತದೆಂದು ಬರೆಯಿರಿ.